ಹಿಮಭೂಮಿಯಲ್ಲಿ ಕಾದ ಯಂತ್ರಗಳು

ಭಾರವನ್ನೆಳೆಯುವ ವಾಹನವು ಮಾರ್ಗಮಧ್ಯದಲ್ಲಿ ಕೈಬಿಡುವುದೇಕೆ ಎಂಬ ಪ್ರಶ್ನೆಯು ವಾಹನದಷ್ಟೇ ಹಳೆಯದು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಮನುಷ್ಯನಿಗೆ ಅಕಾಲಮರಣವೆಂಬುದು ಉಂಟೋ ಇಲ್ಲವೋ ಎಂಬ ಚರ್ಚೆಯು ಬಂದಾಗ, ಆತ್ರೇಯ ಮಹರ್ಷಿಯು ಶಿಷ್ಯನಾದ ಅಗ್ನಿವೇಶನಿಗೆ ಬಂಡಿಯ ಅಚ್ಚಿನ ದೃಷ್ಟಾಂತವನ್ನು ಹೇಳುತ್ತಾನೆ. ಸ್ವಭಾವದಿಂದಲೇ ಗುಣಸಂಪನ್ನವಾದ ಅಚ್ಚು ಕ್ರಮವಾಗಿ ಸಾಗುತ್ತಿದ್ದರೆ, ಸವೆದು ಸವೆದು ತನ್ನ ಕಾಲ ಬಂದಾಗಲೇ ಮುಗಿಯುತ್ತದೆ. ಅದೇ ಅಚ್ಚು ಅತಿಭಾರದಿಂದಲೋ, ಏರುತಗ್ಗಿನ ಹಾದಿಯಿಂದಲೋ, ಹಾದಿಯೇ ಇಲ್ಲದೆಡೆಯಲ್ಲಿ ನಡೆದುದರಿಂದಲೋ, ಚಕ್ರವು ಮುರಿದುದರಿಂದಲೋ, ಎಳೆಯುವ ಪ್ರಾಣಿಯ ಅಥವಾ ನಡೆಸುವವನ ದೋಷದಿಂದಲೋ, ಕಡೆಗೀಲು ಕಳಚಿದುದರಿಂದಲೋ, ಎಣ್ಣೆಯೂಡದೆ ಇದ್ದುದರಿಂದಲೋ, ಮಗುಚಿಬಿದ್ದುದರಿಂದಲೋ ನಡುವೆಯೇ ಕೊನೆಗಾಣುತ್ತದೆ. ಆಯುಸ್ಸೂ ಹಾಗೆಯೇ ಎಂಬುದು ಮಹರ್ಷಿಯ ಅಭಿಪ್ರಾಯ.

ಮಹರ್ಷಿಯು ಬಂಡಿಯ ಅಚ್ಚಿನಿಂದ ಮನುಷ್ಯನ ವಿಷಯವನ್ನು ತಿಳಿಸಿದನು. ಬಂಡಿಯ ಸ್ಥಾನದಲ್ಲಿ ಮೋಟಾರನ್ನಿಟ್ಟು ನೋಡಿದರೆ ಈ ಕಾರಣಗಳ ಪಟ್ಟಿಗೆ ಕೂಡಿಸಬೇಕಾದುದು ಅಲ್ಪವೇ ಎಂದು ತೋರುತ್ತದೆ. ಇದಕ್ಕೆ ತಕ್ಕ ನಿದರ್ಶನವು ಇತಿಹಾಸದಲ್ಲಿ ಒಂದಿದೆ. ಭೂಮಂಡಲದಲ್ಲೆಲ್ಲಾ ಅತಿ ಶೀತಲವಾದ ಖಂಡದಲ್ಲಿ, 1911ನೆಯ ಇಸವಿಯಲ್ಲಿ, ಭಾರವನ್ನೆಳೆಯುತ್ತಿದ್ದ ಎರಡು ಮೋಟಾರು ಜಾರುಬಂಡಿಗಳು ಶೀತದ ನಡುವೆ ಕಾವಿನಿಂದ ಕಂಗೆಟ್ಟು ನಿಂತುವು. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿ, ಯಂತ್ರವು ನಿಂತ ಬಳಿಕ ಅದರ ಹೊರೆಯು ಯಾರ ಹೆಗಲಿಗೆ ಬಂದಿತೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಬ್ರಿಟಿಷ್ ನೌಕಾಪಡೆಯ ಕಪ್ತಾನ ರಾಬರ್ಟ್ ಫಾಲ್ಕನ್ ಸ್ಕಾಟನು 1910ರಲ್ಲಿ ‘ಟೆರ್ರಾ ನೋವಾ’ ಎಂಬ ಹಡಗಿನಲ್ಲಿ ದಕ್ಷಿಣಧ್ರುವವನ್ನು ಮುಟ್ಟುವ ಸಂಕಲ್ಪದಿಂದ ಹೊರಟನೆಂಬುದು ವಾಚಕರಿಗೆ ತಿಳಿದ ವಿಷಯವೇ. ಸಮುದ್ರತೀರದ ನೆಲೆಯಿಂದ ಧ್ರುವಕ್ಕೆ ಹೋಗಿಬರುವ ದಾರಿಯು 1,750 ಮೈಲಿಗೂ ಮೇಲ್ಪಟ್ಟುದು. ಆ ದಾರಿಯಲ್ಲಿ ಹುಲ್ಲಿಲ್ಲ, ಸೌದೆಯಿಲ್ಲ, ಗ್ರಾಮವಿಲ್ಲ. ಉಣ್ಣುವುದನ್ನೂ ಉರಿಸುವುದನ್ನೂ ಎಳೆದುಕೊಂಡೇ ಹೋಗಬೇಕು. ಎಳೆಯುವ ಪ್ರಾಣಿಯೋ ನಿಂತಾಗಲೂ ತಿನ್ನುತ್ತದೆ. ಅದರ ಮೇವೇ ಒಂದು ಹೊರೆಯಾಗುತ್ತದೆ. ಮೋಟಾರಾದರೋ ದುಡಿದಾಗ ಮಾತ್ರ ಕುಡಿಯುತ್ತದೆ, ಮಲಗಿದಾಗ ಏನನ್ನೂ ಬೇಡುವುದಿಲ್ಲ. ಇದಲ್ಲದೆ 1901ರಿಂದ 1904ರ ವರೆಗೆ ‘ಡಿಸ್ಕವರಿ’ ಹಡಗಿನ ಯಾತ್ರೆಯಲ್ಲಿ ನಾಯಿಗಳು ಪಟ್ಟ ಸಂಕಟವನ್ನು ಸ್ಕಾಟನು ಕಣ್ಣಾರೆ ಕಂಡಿದ್ದನು. ಆದುದರಿಂದ ಪ್ರಾಣಿಗೆ ಹಿಂಸೆಯಿಲ್ಲದೆ ಭಾರವನ್ನು ಸಾಗಿಸುವ ಯಂತ್ರದ ಮೇಲೆ ಅವನಿಗೆ ಆಸೆ ಹುಟ್ಟಿದುದು ಸಹಜವೇ.

ಈ ಖಂಡದಲ್ಲಿ ಮೋಟಾರನ್ನು ಓಡಿಸಿದವರಲ್ಲಿ ಸ್ಕಾಟನು ಮೊದಲಿಗನಲ್ಲ. 1908ರಲ್ಲಿ ಶ್ಯಾಕಲ್ಟನ್ನನು ಆರಲ್-ಜಾನ್‌ಸ್ಟನ್ ಎಂಬ ಕಾರೊಂದನ್ನು ಕೊಂಡೊಯ್ದಿದ್ದನು. ಸಮುದ್ರದ ಮೇಲೆ ಕಟ್ಟಿದ ಗಟ್ಟಿ ಮಂಜಿನ ಮೇಲೆ ಅದು ಸ್ವಲ್ಪ ಕೆಲಸಕ್ಕೆ ಬಂದಿತು. ಮೆತ್ತನೆಯ ಹಿಮದಲ್ಲಿ ಚಕ್ರಗಳು ಹೂತುಹೋಗಿ ನಿರುಪಯೋಗವಾಯಿತು. ಆ ಕಾರನ್ನು ನೋಡಿಕೊಂಡಿದ್ದ ಬರ್ನಾರ್ಡ್ ಡೇ ಎಂಬ ಯಂತ್ರಕುಶಲನೇ ಮುಂದೆ ಸ್ಕಾಟನ ಮೋಟಾರುಗಳಿಗೂ ಮೇಲ್ವಿಚಾರಕನಾದನು. ಚಕ್ರವು ಇಲ್ಲಿ ನಡೆಯದೆಂಬ ಪಾಠವು ಹೀಗೆ ಮೊದಲೇ ದೊರೆತಿತ್ತು.

ಚಕ್ರಕ್ಕೆ ಬದಲಾಗಿ ಏನು? ಇದಕ್ಕೆ ಉತ್ತರವನ್ನು ಹುಡುಕಿದವರಲ್ಲಿ ಪ್ರಮುಖನು ನೌಕಾಪಡೆಯ ಯಂತ್ರಾಧಿಕಾರಿಯಾದ ರೆಜಿನಾಲ್ಡ್ ಸ್ಕೆಲ್ಟನ್. ಇವನು ‘ಡಿಸ್ಕವರಿ’ ಯಾತ್ರೆಯಲ್ಲಿ ಸ್ಕಾಟನ ಸಂಗಡ ಇದ್ದವನು. ಹಿಮದ ಸ್ವಭಾವವನ್ನೂ ಯಂತ್ರದ ಸ್ವಭಾವವನ್ನೂ ಒಟ್ಟಿಗೆ ಬಲ್ಲವನು. ಇವನ ದುಡಿಮೆಯಿಂದಲೂ ಬರ್ಮಿಂಗ್‌ಹ್ಯಾಮಿನ ವೂಲ್ಸ್‌ಲಿ ಕಂಪನಿಯ ಕೈಯಿಂದಲೂ ಮೂರು ಮೋಟಾರು ಜಾರುಬಂಡಿಗಳು ಸಿದ್ಧವಾದುವು. ಪ್ರತಿಯೊಂದಕ್ಕೂ ನಾಲ್ಕು ಸಿಲಿಂಡರುಗಳ, ಸುಮಾರು ಹನ್ನೆರಡು ಅಶ್ವಶಕ್ತಿಯ ಇಂಜಿನ್ನು. ಎರಡೂ ಪಕ್ಕಗಳಲ್ಲಿ ಕೊನೆಯಿಲ್ಲದ ಸರಪಳಿಯಂತೆ ಸುತ್ತುವ ಪಟ್ಟಿ. ಕಂಬಳಿಹುಳುವು ತನ್ನ ಮೈಯನ್ನೆಲ್ಲಾ ನೆಲಕ್ಕೆ ಊರಿ ನಡೆಯುವಂತೆ ಈ ಯಂತ್ರವೂ ತನ್ನ ತೂಕವನ್ನು ಉದ್ದಕ್ಕೂ ಹರಡಿ ನಡೆಯುವುದರಿಂದ ಹಿಮದಲ್ಲಿ ಹೂಳುವುದಿಲ್ಲ. ಮುಂದೆ 1916ರಲ್ಲಿ ರಣರಂಗಕ್ಕಿಳಿದ ಟ್ಯಾಂಕುಗಳ ನಡಿಗೆಯೂ, ಇಂದು ಗುಡ್ಡ ಕಡಿಯುವ ಯಂತ್ರಗಳ ನಡಿಗೆಯೂ ಇದೇ ಜಾತಿಯದು. 1910ರ ಮಾರ್ಚಿಯಲ್ಲಿ ನಾರ್ವೆ ದೇಶದ ಫೇಫೋರ್ ಎಂಬಲ್ಲಿ ಈ ಯಂತ್ರದ ಪರೀಕ್ಷೆ ನಡೆಯಿತು. ಈ ಮೂರು ಯಂತ್ರಗಳಿಗೆ ತಗಲಿದ ಹಣವು ಯಾತ್ರೆಯ ನಾಯಿಗಳಿಗೂ ಕುದುರೆಗಳಿಗೂ ತಗಲಿದುದಕ್ಕಿಂತ ಹಲವು ಪಟ್ಟು ಹೆಚ್ಚು.

ಆದರೆ ಹಡಗು ಹೊರಡುವಾಗ ಸ್ಕೆಲ್ಟನ್ ಅದರಲ್ಲಿರಲಿಲ್ಲ. ಯಾತ್ರೆಯಲ್ಲಿ ಸ್ಕಾಟನ ತರುವಾಯದ ಅಧಿಕಾರಸ್ಥಾನವು ಲೆಫ್ಟಿನೆಂಟ್ ಎಡ್ವರ್ಡ್ ಎವಾನ್ಸನಿಗೆ ಸಂದಿತ್ತು. ನೌಕಾಪಡೆಯಲ್ಲಿ ಸ್ಕೆಲ್ಟನ್ನನ ಪದವಿಯು ಎವಾನ್ಸನ ಪದವಿಗಿಂತ ಮೇಲಿನದು. ಮೇಲಿನ ಪದವಿಯವನು ಕೆಳಗಿನವನ ಆಜ್ಞೆಯಲ್ಲಿರುವುದು ಹೇಗೆಂದು ಎವಾನ್ಸನು ಆಕ್ಷೇಪಿಸಿದನು. ಸ್ಕಾಟನು ಎವಾನ್ಸನ ಪಕ್ಷವನ್ನು ವಹಿಸಿ ಸ್ಕೆಲ್ಟನ್ನನನ್ನು ಕೈಬಿಟ್ಟನು. ಯಂತ್ರವನ್ನು ಹೆತ್ತವನು ತೀರದಲ್ಲಿ ಉಳಿದನು; ಯಂತ್ರಗಳು ಮಾತ್ರ ಹಡಗನ್ನೇರಿದುವು. ಆಗ ಇದು ಪದವಿಗೆ ಸಂಬಂಧಪಟ್ಟ ಸಣ್ಣ ವ್ಯವಹಾರವೆಂದೇ ಕಂಡಿರಬೇಕು.

ಮೂರು ಯಂತ್ರಗಳಲ್ಲಿ ಒಂದು ಕೆಲಸಕ್ಕೆ ತೊಡಗುವ ಮೊದಲೇ ಹೋಯಿತು. 1911ನೆಯ ಜನವರಿ 8ರಂದು ಎವಾನ್ಸ್ ಭೂಶಿರದ ಬಳಿ ಅದನ್ನು ಹಡಗಿನಿಂದಿಳಿಸಿ ಎಳೆದೊಯ್ಯುತ್ತಿದ್ದಾಗ, ಮೆತ್ತಗಾಗಿದ್ದ ಮಂಜು ಒಡೆದು ಯಂತ್ರವು ಸಮುದ್ರದ ತಳವನ್ನು ಸೇರಿತು. ಹಾದಿಯಲ್ಲದ ಹಾದಿಯೆಂದು ಚರಕಸಂಹಿತೆಯು ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ. ಉಳಿದ ಎರಡು ಯಂತ್ರಗಳನ್ನು ಡೇ ಎಂಬಾತನೂ, ಹಡಗಿನ ಬೆಂಕಿಮನೆಯ ಮುಖ್ಯಸ್ಥನಾದ ವಿಲಿಯಂ ಲ್ಯಾಷ್ಲಿಯೂ ಆರೈಕೆಮಾಡಿದರು. ಲ್ಯಾಷ್ಲಿಯು ಕಲ್ಲಿದ್ದಲನ್ನೂ ಉಗಿಯನ್ನೂ ನಂಬಿ ಬಾಳಿದವನು, ಮಿತಭಾಷಿ, ಗಟ್ಟಿಮುಟ್ಟಾದ ಆಳು, ‘ಡಿಸ್ಕವರಿ’ ಯಾತ್ರೆಯ ಅನುಭವವುಳ್ಳವನು. ನಾಲ್ಕು ತಿಂಗಳು ಸೂರ್ಯನ ಮುಖವಿಲ್ಲದ ಚಳಿಗಾಲವು ಕಳೆದು ಅಕ್ಟೋಬರಿನಲ್ಲಿ ಯಂತ್ರಗಳನ್ನು ಹೊರಗೆ ತಂದಾಗ ಒಂದರ ಅಚ್ಚಿನ ಹೊದಿಕೆಯು ಬಿರುಕುಬಿಟ್ಟಿತು. ಇರುವ ಸಲಕರಣೆಗಳಿಂದಲೇ ಅವರಿಬ್ಬರೂ ಅದನ್ನು ಸರಿಪಡಿಸಿದರು.

1911ನೆಯ ಅಕ್ಟೋಬರ್ 24ರಂದು ಮೋಟಾರು ತಂಡವು ಹೊರಟಿತು. ತಂಡದಲ್ಲಿದ್ದವರು ನಾಲ್ವರು: ನಾಯಕನಾಗಿ ಎವಾನ್ಸ್, ಯಂತ್ರಗಳಿಗೆ ಡೇ ಮತ್ತು ಲ್ಯಾಷ್ಲಿ, ಸಹಾಯಕನಾಗಿ ಹೂಪರ್ ಎಂಬವನು. ಕುದುರೆಗಳು ಒಂದು ವಾರದ ಮೇಲೆ ಹೊರಡುವುವು. ಮೋಟಾರುಗಳು ಮುಂದಾಗಿ ಭಾರವನ್ನು ದಕ್ಷಿಣಕ್ಕೆ 80 ಅಂಶ 30 ಕಲೆಗಳ ಅಕ್ಷಾಂಶದ ವರೆಗೆ ಮುಟ್ಟಿಸಬೇಕು. ಹಾಗಾದರೆ ಕುದುರೆಗಳು ಹಗುರಾಗಿ ನಡೆಯಬಹುದು. ಇದು ಸ್ಕಾಟನ ಯೋಜನೆ. ಹೊರೆಯು ಆಹಾರ, ಕುದುರೆಯ ಮೇವು, ಪೆಟ್ರೋಲು, ಎಣ್ಣೆ ಎಲ್ಲವೂ ಸೇರಿ ಮೂರು ಟನ್ನುಗಳಿಗೂ ಮಿಕ್ಕುದು. ಯಂತ್ರಗಳ ಹಿಂದೆ ಕಟ್ಟಿದ ಸಾಲು ಜಾರುಬಂಡಿಗಳ ಮೇಲೆ ಅದು ಹೇರಲ್ಪಟ್ಟಿತ್ತು. ಯಂತ್ರದ ವೇಗವೋ ಮನುಷ್ಯನ ನಡಿಗೆಗಿಂತ ಹೆಚ್ಚಿನದಲ್ಲ.

ಹೊರಟ ಸ್ವಲ್ಪದರಲ್ಲಿಯೇ ತೊಂದರೆಯು ಕಾಣಿಸಿಕೊಂಡಿತು. ಒಂದು ಮೈಲಿಯ ಆಸುಪಾಸಿನಷ್ಟು ನಡೆಯುವುದರೊಳಗಾಗಿ ಇಂಜಿನ್ನು ಮಿತಿಮೀರಿ ಕಾಯುವುದು, ಅದನ್ನು ನಿಲ್ಲಿಸಿ ತಣಿಯುವ ವರೆಗೆ ಕಾಯುವುದು, ಅಷ್ಟರಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರಸಿಕೊಡುವ ಕಾರ್ಬುರೇಟರು ಚಳಿಯಿಂದ ಸೆಟೆದುಹೋಗುವುದು, ಅದನ್ನು ಜ್ವಾಲೆಯೂದುವ ದೀಪದಿಂದ ಕಾಯಿಸುವುದು, ಮತ್ತೆ ಹೊರಡುವುದು, ಮತ್ತೆ ನಿಲ್ಲುವುದು. ಒಂದೇ ಯಂತ್ರದ ಒಂದು ಅಂಗಕ್ಕೆ ಜ್ವರ, ಇನ್ನೊಂದು ಅಂಗಕ್ಕೆ ಶೀತಸನ್ನಿ. ಗಾಳಿಯು ಬೆನ್ನ ಹಿಂದಿನಿಂದ ಬೀಸಿದರೆ ಜ್ವರವು ಇನ್ನೂ ಏರುವುದು.

ನೀರು ಕಲ್ಲಾಗುವ ದೇಶದಲ್ಲಿ ಇಂಜಿನ್ನು ಕಾಯುವುದೆಂದರೆ ಆಶ್ಚರ್ಯವಾಗಬಹುದು. ವಿಚಾರಿಸಿದರೆ ಆಶ್ಚರ್ಯವೇನೂ ಇಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಅಂದಿನ ಇಂಜಿನ್ನುಗಳಲ್ಲಿ ಎಳೆಯುವ ಕೆಲಸವಾಗಿ ಪರಿಣಮಿಸುತ್ತಿದ್ದುದು ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಉಳಿದ ಶಾಖವೆಲ್ಲ ಹೊಗೆಯೊಡನೆ ಹೋಗಬೇಕು, ಇಲ್ಲವೆ ಸಿಲಿಂಡರಿನ ಗೋಡೆಯ ಮೂಲಕ ಹೊರಬೀಳಬೇಕು. ಹೊರೆ ಹೆಚ್ಚಿದಷ್ಟೂ ಉರಿಯುವ ಪೆಟ್ರೋಲು ಹೆಚ್ಚು, ತೊಲಗಿಸಬೇಕಾದ ಶಾಖವೂ ಹೆಚ್ಚು. ಸಾಧಾರಣ ಮೋಟಾರಿನಲ್ಲಿ ಈ ಶಾಖವನ್ನು ನೀರು ಹೊತ್ತೊಯ್ಯುತ್ತದೆ. ಹಿಮಖಂಡದಲ್ಲಿ ಆ ನೀರೇ ಹೆಪ್ಪುಗಟ್ಟಿ ಹಿಗ್ಗಿ ಸಿಲಿಂಡರನ್ನು ಸೀಳುವ ಭಯ. ಇಂದು ಎಲ್ಲ ಮೋಟಾರುಗಳಲ್ಲಿ ನೀರಿಗೆ ಬೆರಸುವ ಗ್ಲೈಕಾಲ್ ಎಂಬ ಹೆಪ್ಪುಗಟ್ಟದ ದ್ರವವು ಆಗ ಬಳಕೆಗೆ ಬಂದಿರಲಿಲ್ಲ. ಆದುದರಿಂದ ಗಾಳಿಯಿಂದ ತಣಿಯುವ ಇಂಜಿನ್ನನ್ನು ಆರಿಸಿದರು. ಆದರೆ ಗಾಳಿಯು ತಣಿಸಬೇಕಾದರೆ ಅದು ಹರಿಯಬೇಕು. ವೇಗವಾಗಿ ಓಡುವ ವಾಹನಕ್ಕೆ ತನ್ನ ಓಟದಿಂದಲೇ ಗಾಳಿಯು ದೊರೆಯುತ್ತದೆ. ಟನ್ನುಗಟ್ಟಲೆ ಭಾರವನ್ನು ಕಟ್ಟಿಕೊಂಡು ಮನುಷ್ಯನ ಹೆಜ್ಜೆಯಲ್ಲಿ ನಡೆಯುವ ವಾಹನಕ್ಕೆ ಅದು ಎಲ್ಲಿಂದ ಬರಬೇಕು? ಇಂಜಿನ್ನು ಪೂರ್ಣಶಕ್ತಿಯಿಂದ ತಿರುಗುತ್ತದೆ, ಬಂಡಿಯು ತೆವಳುತ್ತದೆ. ಹಿಂಗಾಳಿಯಾದರೆ ಗಾಳಿಯೂ ಬಂಡಿಯೂ ಜತೆಯಾಗಿ ನಡೆದು ಇಂಜಿನ್ನಿನ ಸುತ್ತ ಗಾಳಿಯೇ ನಿಂತಂತಾಗುತ್ತದೆ.

ನಮ್ಮ ಆಗುಂಬೆಯ ತಿರುವುಗಳಲ್ಲಿ ಜನರಿಂದ ತುಂಬಿದ ಹಳೆಯ ಬಸ್ಸು ನೀರು ಕುದಿದು ನಿಂತು, ಕ್ಲೀನರು ಝರಿಯಿಂದ ಡಬ್ಬಿಯಲ್ಲಿ ನೀರು ತಂದು ಹೊಯ್ಯುತ್ತಿದ್ದುದನ್ನು ನಮ್ಮಲ್ಲಿ ಹಿರಿಯರಾದವರು ಬಲ್ಲರು. ಅಲ್ಲಿ ನಡೆದುದೂ ಇದೇ: ಹೆಚ್ಚು ಹೊರೆ, ಕಡಿಮೆ ಓಟ, ಹೊರಹೋಗಲು ದಾರಿ ಕಾಣದ ಶಾಖ. ಘಟ್ಟದಲ್ಲಿ ಝರಿಯುಂಟು, ಮುಂದಿನ ಬಸ್ಸುಂಟು. ಹಿಮಖಂಡದಲ್ಲಿ ಎರಡೂ ಇಲ್ಲ.

ಕಾವು ಒಂದೇ ಬಂದುದಾದರೆ ತಾಳ್ಮೆಯಿಂದ ಜಯಿಸಬಹುದಾಗಿತ್ತು. ಕಾವು ತನ್ನ ಹಿಂದೆ ಇನ್ನೊಂದನ್ನು ಕರೆತಂದಿತು. ಪಿಸ್ಟನ್ನಿಗೂ ತಿರುಗುವ ಅಚ್ಚಿಗೂ ನಡುವೆ ಒಂದು ಲೋಹದ ದಂಡವಿರುತ್ತದೆ. ಆ ದಂಡದ ಕೆಳತುದಿಯು ಅಚ್ಚನ್ನು ಅಪ್ಪಿಕೊಳ್ಳುವೆಡೆಯಲ್ಲಿರುವ ಬೇರಿಂಗು ಇಂಜಿನ್ನಿನ ಹೊರೆಯನ್ನೆಲ್ಲಾ ಕ್ಷಣಕ್ಷಣಕ್ಕೂ ತಾಳಬೇಕು. ಅದನ್ನು ಕಾಪಾಡುವುದು ಎಣ್ಣೆಯ ಒಂದು ತೆಳುಪೊರೆ ಮಾತ್ರ. ಚಳಿಯಲ್ಲಿ ಎಣ್ಣೆಯು ಗಟ್ಟಿಯಾಗಿ ಹರಿಯಲೊಲ್ಲದು. ಅತಿಯಾದ ಕಾವಿನಲ್ಲಿ ನೀರಾಗಿ ನಿಲ್ಲಲೊಲ್ಲದು. ನಿಂತು ಹೊರಡುವ ಪ್ರತಿಯೊಂದು ಸಲವೂ ಯಂತ್ರವು ಈ ಎರಡು ಸ್ಥಿತಿಗಳನ್ನು ದಾಟಬೇಕಾಗಿತ್ತು. ದಾರಿಯಲ್ಲಿ ಒಂದು ಯಂತ್ರದ ಬೇರಿಂಗು ಒಡೆಯಿತು. ಡೇ ಮತ್ತು ಲ್ಯಾಷ್ಲಿ ಕೊರೆಯುವ ಚಳಿಯಲ್ಲಿ, ಮುಟ್ಟಿದ ಲೋಹವು ಬೆರಳಿನ ಚರ್ಮವನ್ನು ಕೀಳುವಂಥ ಸ್ಥಿತಿಯಲ್ಲಿ, ಇಂಜಿನ್ನನ್ನು ಬಿಚ್ಚಿ ಬೇರೊಂದನ್ನು ಜೋಡಿಸಿದರು. ಅಕ್ಟೋಬರಿನ ಕೊನೆಯಲ್ಲಿ ಮೊದಲನೆಯ ಯಂತ್ರವನ್ನು ಇದೇ ರೋಗಕ್ಕಾಗಿ ಹಿಮದಲ್ಲಿ ಬಿಡಬೇಕಾಯಿತು. ನವೆಂಬರ್ 1ರಂದು, ಕಾರ್ನರ್ ಕ್ಯಾಂಪ್ ಎಂಬ ಉಗ್ರಾಣದ ಸ್ಥಳವನ್ನು ದಾಟಿ ಸ್ವಲ್ಪ ದೂರದಲ್ಲಿಯೇ, ಎರಡನೆಯದೂ ನಿಂತುಹೋಯಿತು. ಸ್ಕಾಟನು ಕುದುರೆಗಳೊಡನೆ ಎವಾನ್ಸ್ ಭೂಶಿರವನ್ನು ಬಿಟ್ಟು ಹೊರಟುದೂ ಅದೇ ದಿನ.

ಕೆಲವು ದಿನಗಳ ಮೇಲೆ ಹಿಂದಿನಿಂದ ಬಂದ ಸ್ಕಾಟನಿಗೆ ಹಿಮದಲ್ಲಿ ಕಪ್ಪಗೆ ನಿಂತಿದ್ದ ಯಂತ್ರಗಳು ಕಂಡುವು. ಅವನು ತನ್ನ ದಿನಚರಿಯಲ್ಲಿ ಇವುಗಳಿಂದ ದೊಡ್ಡ ಸಹಾಯವಾದೀತೆಂಬ ಆಸೆಯು ಮುಗಿಯಿತೆಂದು ಬರೆದುಕೊಂಡನು. ಆದರೂ ಅವನ ವಿವೇಕವು ಅಲ್ಲಿ ಮಸಕಾಗಲಿಲ್ಲ. ಇಂಜಿನ್ನು ಈ ಹವೆಗೆ ಹೊಂದಲಿಲ್ಲ, ಅದು ತಿದ್ದಬಹುದಾದ ದೋಷ. ಪಟ್ಟಿಯ ನಡಿಗೆಯ ತತ್ತ್ವವು ಮಾತ್ರ ಸರಿಯೆಂದು ಸಿದ್ಧವಾಯಿತು ಎಂಬರ್ಥದ ಮಾತನ್ನೂ ಅವನು ಬರೆದಿದ್ದಾನೆ. ಎವಾನ್ಸನು ಮುಂದೆ 1921ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಈ ಯಂತ್ರಗಳು ಒರಟಾದ, ಜಾರುವ, ಬಿರುಕುಗಳಿಂದ ಕೂಡಿದ ಮಂಜಿನ ಮೇಲೆ 51 ಮೈಲಿಗಳ ದೂರ ಹೊರೆಯನ್ನು ಸಾಗಿಸಿ ಕುದುರೆಗಳ ಕಷ್ಟವನ್ನು ಕಡಮೆಮಾಡಿದುವೆಂದು ಲೆಕ್ಕಕೊಟ್ಟಿದ್ದಾನೆ. ಈ ಯಂತ್ರಗಳನ್ನು ನಿಷ್ಪ್ರಯೋಜಕವೆಂದು ಹಳಿಯುವ ಚರಿತ್ರಕಾರರು ಈ 51 ಮೈಲಿಗಳನ್ನು ಮರೆಯಬಾರದು.

ಯಂತ್ರವು ನಿಂತರೂ ಹೊರೆಯು ಇದ್ದೇ ಇತ್ತು. ನಾಲ್ವರೂ ಕುದುರೆಗಳಿಗಾಗಿ ಬಿಡಬೇಕಾದುದನ್ನು ಅಲ್ಲಿ ಬಿಟ್ಟು, ಸುಮಾರು 740 ಪೌಂಡುಗಳ ಹೊರೆಯನ್ನು ಒಂದು ಜಾರುಬಂಡಿಗೆ ಹೇರಿ, ತಾವೇ ಎದೆಗೆ ಪಟ್ಟಿಕಟ್ಟಿ ಎಳೆಯತೊಡಗಿದರು. ಒಬ್ಬೊಬ್ಬನ ಪಾಲಿಗೆ 180 ಪೌಂಡುಗಳಿಗೂ ಮೇಲೆ. ನೂರೈವತ್ತು ಮೈಲಿಗಳಿಗೂ ಮಿಕ್ಕ ದೂರವನ್ನು ಹೀಗೆ ಎಳೆದು, ನವೆಂಬರ್ 15ರಂದು ನಿಯಮಿತವಾದ ಅಕ್ಷಾಂಶವನ್ನು ಮುಟ್ಟಿ, ಅಲ್ಲಿ ಗುರುತಿಗಾಗಿ ಹಿಮದ ದೊಡ್ಡ ಗೋಪುರವನ್ನು ಕಟ್ಟಿ, ಸ್ಕಾಟನ ತಂಡಕ್ಕಾಗಿ ಆರು ದಿನ ಕಾದರು. ಯಂತ್ರದ ಕೆಲಸವನ್ನು ಮನುಷ್ಯರು ಮುಗಿಸಿದರು. ಅದಕ್ಕೆ ತೆತ್ತ ಬೆಲೆಯು ಆಗಲೇ ಕಾಣಲಿಲ್ಲ.

ಅದು ಕಂಡುದು ಮೂರು ತಿಂಗಳ ಮೇಲೆ. ಡೇ ಮತ್ತು ಹೂಪರ್ ನವೆಂಬರ್ 24ರಂದು ಹಿಂದಿರುಗಿದರು. ಎವಾನ್ಸ್ ಮತ್ತು ಲ್ಯಾಷ್ಲಿ ಮುಂದುವರಿದರು. ಉಳಿದವರು ಕುದುರೆಗಳನ್ನು ನಡೆಸಿಕೊಂಡು ಬರುತ್ತಿದ್ದ ದಿನಗಳಲ್ಲೆಲ್ಲಾ ಇವರಿಬ್ಬರೂ ನೊಗಕ್ಕೆ ಹೆಗಲುಕೊಟ್ಟಿದ್ದರು. ಬಳಿಕ ಬಿಯರ್ಡ್‌ಮೋರ್ ಹಿಮನದಿಯನ್ನೂ ಹಾಗೆಯೇ ಎಳೆಯುತ್ತ ಏರಿದರು. 1912ನೆಯ ಜನವರಿ 4ರಂದು, ಧ್ರುವಕ್ಕೆ ನೌಕಾಮಾನದ ಸುಮಾರು 150 ಮೈಲಿಗಳಿರುವಲ್ಲಿ, ಸ್ಕಾಟನು ಎವಾನ್ಸ್, ಲ್ಯಾಷ್ಲಿ, ಟಾಮ್ ಕ್ರೀನ್ ಈ ಮೂವರನ್ನು ಹಿಂದಕ್ಕೆ ಕಳುಹಿಸಿದನು. ಹಿಂದಿರುಗುವ ದಾರಿಯಲ್ಲಿ ಎವಾನ್ಸನಿಗೆ ಸ್ಕರ್ವಿ ರೋಗವು ಅಡರಿತು. ತಾಜಾ ಆಹಾರವಿಲ್ಲದೆ ಬಹುಕಾಲ ದುಡಿದವರಿಗೆ ಬರುವ ಈ ರೋಗದಲ್ಲಿ ವಸಡು ಊದಿ, ಕೀಲು ಬಿಗಿದು, ರಕ್ತವೇ ಕೆಡುತ್ತದೆ. ಕೊನೆಗೆ ಅವನಿಗೆ ನಿಲ್ಲಲೂ ಆಗದಾಯಿತು. ತನ್ನನ್ನು ಬಿಟ್ಟು ಹೋಗಿರೆಂದು ಅವನು ಆಜ್ಞಾಪಿಸಿದನು. ಸಂಗಡಿಗರಿಬ್ಬರೂ ಆ ಆಜ್ಞೆಯನ್ನು ಮೀರಿದರು. ಅವನನ್ನು ಬಂಡಿಯ ಮೇಲೆ ಕಟ್ಟಿ ಎಳೆದರು. ನೆಲೆಗೆ ಸುಮಾರು 35 ಮೈಲಿಗಳಿರುವಲ್ಲಿ ಇನ್ನು ಎಳೆಯಲಾರದೆ, ಕ್ರೀನನು ಫೆಬ್ರವರಿ 18ರಂದು ಒಬ್ಬನೇ ಡೇರೆಯಿಲ್ಲದೆ ಆ ದೂರವನ್ನು ನಡೆದು ಸುದ್ದಿ ಮುಟ್ಟಿಸಿದನು. ಲ್ಯಾಷ್ಲಿಯು ರೋಗಿಯ ಬಳಿ ಕುಳಿತನು. ಎವಾನ್ಸ್ ಬದುಕಿದನು. ಕ್ರೀನ್ ಮತ್ತು ಲ್ಯಾಷ್ಲಿ ಇಬ್ಬರಿಗೂ ಆಲ್ಬರ್ಟ್ ಪದಕವು ಸಂದಿತು.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ಹೇಳಬೇಕು. ಸ್ಕಾಟನೂ ಅವನ ನಾಲ್ವರು ಸಂಗಡಿಗರೂ 1912ನೆಯ ಜನವರಿ 17ರಂದು ಧ್ರುವವನ್ನು ಮುಟ್ಟಿ, ಅಮುಂಡ್ಸೆನ್ನನು ಡಿಸೆಂಬರ್ 14ರಂದೇ ಬಂದುಹೋದುದನ್ನು ಕಂಡು, ಹಿಂದಿರುಗುವಾಗ ಮಡಿದರು. ಈ ಮರಣಗಳನ್ನು ಮೋಟಾರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಹಾರ, ಹವೆ, ಎಣ್ಣೆಯ ಡಬ್ಬಿಗಳ ಸೋರಿಕೆ, ಕಾಲದ ವಿಳಂಬ ಹೀಗೆ ಕಾರಣಗಳು ಹಲವು. ಎವಾನ್ಸನ ರೋಗಕ್ಕೂ ಆಹಾರವೇ ಮೂಲವು. ಆದರೆ ಅದೇ ಆಹಾರದಿಂದ ಅತಿ ದೀರ್ಘಕಾಲ ಎಳೆದ ಇಬ್ಬರಲ್ಲಿ ಅವನೊಬ್ಬನೆಂಬುದೂ, ಆ ಎಳೆತವು ನವೆಂಬರ್ 1ರಂದು ನಿಂತ ಯಂತ್ರದ ಬಳಿಯಲ್ಲಿ ಆರಂಭವಾಯಿತೆಂಬುದೂ ಸತ್ಯ.

ಈಗ ಸ್ಕೆಲ್ಟನ್ನನ ವಿಷಯಕ್ಕೆ ಬರೋಣ. ಅವನು ಬಂದಿದ್ದರೆ ಯಂತ್ರಗಳು ನಿಲ್ಲುತ್ತಿರಲಿಲ್ಲವೆಂದು ಹೇಳುವುದು ಇತಿಹಾಸವಲ್ಲ, ಕೇವಲ ಊಹೆ. ಬೇರಿಂಗಿನ ಲೋಹವು ಸ್ಕೆಲ್ಟನ್ನನ ಮುಖವನ್ನು ನೋಡಿ ಗಟ್ಟಿಯಾಗುತ್ತಿರಲಿಲ್ಲ. ಇತಿಹಾಸವು ಹೇಳುವುದು ಇಷ್ಟು: ಯಂತ್ರದ ಪ್ರತಿಯೊಂದು ಅಂಗದ ಬಲಾಬಲವನ್ನು ಬಲ್ಲವನೊಬ್ಬನಿದ್ದನು, ಅವನನ್ನು ಬಿಟ್ಟುದು ಯಂತ್ರದ ಹಿತವನ್ನು ನೋಡಿ ಅಲ್ಲ, ಪದವಿಯ ಮೇಲುಕೀಳನ್ನು ನೋಡಿ. ಅವನು ಮುಂದೆ ಬ್ರಿಟಿಷ್ ನೌಕಾಪಡೆಯ ಯಂತ್ರವಿಭಾಗದ ಮುಖ್ಯಾಧಿಕಾರಿಯಾದನೆಂಬುದು ಅವನ ಯೋಗ್ಯತೆಗೆ ಸಾಕ್ಷಿ. ಆಕ್ಷೇಪವನ್ನೆತ್ತಿದ ಎವಾನ್ಸನೇ ಆ ಯಂತ್ರಗಳಿಗೆ ನಾಯಕನಾಗಿ, ಅವು ನಿಂತಾಗ ನೊಗಕ್ಕೆ ಕೊರಳುಕೊಟ್ಟು, ಸಾವಿನ ಬಾಗಿಲನ್ನು ಕಂಡುದನ್ನು ನೋಡಿ, ಇದು ಕರ್ಮಫಲವೆಂದು ಕೆಲವರು ಹೇಳಬಹುದು. ಹಾಗೆ ಹೇಳಿ ಸಮಾಧಾನಪಡುವುದು ಸುಲಭ. ಲ್ಯಾಷ್ಲಿಯು ಏನು ಮಾಡಿದ್ದನು? ಪದವಿಯ ವಾದದಲ್ಲಿ ಅವನ ಮಾತನ್ನು ಕೇಳಿದವರಾರೂ ಇಲ್ಲ. ಯಂತ್ರವನ್ನು ಕೊನೆಯ ತನಕ ಉಪಚರಿಸಿದವನೂ ಅವನೇ, ಅದು ಸತ್ತಮೇಲೆ ಅದರ ಹೊರೆಯನ್ನು ಎಳೆದವನೂ ಅವನೇ, ಕೊನೆಗೆ ನಾಯಕನನ್ನು ಹೊತ್ತುತಂದವರಲ್ಲಿ ಒಬ್ಬನೂ ಅವನೇ. ದೊಡ್ಡವರ ಮನೆಯ ಲೆಕ್ಕದಲ್ಲಿ ಬಿಟ್ಟುಹೋದ ಅಂಕೆಯು ಚಿಕ್ಕವರ ಹೆಗಲಿನ ಮೇಲೆ ಕೂಡುತ್ತದೆಂಬುದಕ್ಕೆ ಇವನ ಬಾಳು ನಿದರ್ಶನ.

ಇದೇ ಕಾಲದಲ್ಲಿ ಹಿಮಖಂಡದ ಮತ್ತೊಂದು ಕಡೆಯಲ್ಲಿ ಆಸ್ಟ್ರೇಲಿಯದ ಡಗ್ಲಸ್ ಮಾಸನ್ನನ ತಂಡವು ಇಂಥ ಇನ್ನೊಂದು ಪ್ರಯೋಗವನ್ನು ಮಾಡಿತು. ರೆಕ್ಕೆ ಮುರಿದ ವಿಮಾನವೊಂದರ ಒಡಲನ್ನು ಜಾರುಪಟ್ಟಿಗಳ ಮೇಲೆ ನಿಲ್ಲಿಸಿ, ಅದರ ತಿರುಗುರೆಕ್ಕೆಯ ಬಲದಿಂದ ಹೊರೆಬಂಡಿಗಳನ್ನೆಳೆಯಿಸಿದರು. 1912ನೆಯ ಡಿಸೆಂಬರ್ ಮೊದಲಲ್ಲಿ ಬಿಕರ್ಟನ್ ಎಂಬವನು ಇದನ್ನು ನಡೆಸಿಕೊಂಡು ಹೊರಟನು. ಬಹುದೂರ ಹೋಗುವ ಮೊದಲೇ ಇಂಜಿನ್ನಿನ ಪಿಸ್ಟನ್ನುಗಳು ಮುರಿದು ಅದು ಥಟ್ಟನೆ ಬಿಗಿದುಕೊಂಡಿತು. ಆ ಹೊಡೆತಕ್ಕೆ ತಿರುಗುರೆಕ್ಕೆಯೂ ಒಡೆಯಿತು. ಇಲ್ಲಿಯೂ ಉಳಿದ ದಾರಿಯನ್ನು ಮನುಷ್ಯರೇ ಎಳೆದರು. ಆಕಾಶದಲ್ಲಿ ಹಗುರಾಗಿ ಹಾರಲು ಮಾಡಿದ ಇಂಜಿನ್ನು ನೆಲದ ಮೇಲೆ ಭಾರವನ್ನೆಳೆಯಲು ಒಪ್ಪಲಿಲ್ಲ. ಬಲವು ಇದ್ದ ಮಾತ್ರಕ್ಕೆ ಸಾಲದು, ಅದು ಆ ಕೆಲಸಕ್ಕೆ ತಕ್ಕ ಬಲವಾಗಿರಬೇಕು.

ಹೀಗೆ ಬೀಳುತ್ತ ಏಳುತ್ತ ಸಾಗಿದ ವಿದ್ಯೆಯು ಫಲಿಸಿದುದು ನಾಲ್ಕು ದಶಕಗಳಿಗೂ ಹೆಚ್ಚು ಕಾಲದ ಮೇಲೆ. ಗೌರೀಶಂಕರವೆಂದು ನಮ್ಮವರು ಹಿಂದೆ ಕರೆಯುತ್ತಿದ್ದ ಎವರೆಸ್ಟ್ ಶಿಖರವನ್ನು 1953ರಲ್ಲಿ ಏರಿದ ಎಡ್ಮಂಡ್ ಹಿಲರಿಯು 1958ನೆಯ ಜನವರಿ 4ರಂದು ಮೂರು ಫರ್ಗುಸನ್ ಟ್ರಾಕ್ಟರುಗಳೊಡನೆ ದಕ್ಷಿಣಧ್ರುವವನ್ನು ಮುಟ್ಟಿದನು. ಇವು ಹೊಲ ಉಳುವ ಸಾಧಾರಣ ಟ್ರಾಕ್ಟರುಗಳೇ; ಚಕ್ರಗಳ ಮೇಲೆ ಪಟ್ಟಿಯನ್ನು ಸುತ್ತಿದ್ದರು. ಅದೇ ಕಾಲದಲ್ಲಿ ವಿವಿಯನ್ ಫುಕ್ಸನು ಎದುರು ತೀರದಿಂದ ಸ್ನೋ-ಕ್ಯಾಟ್ ಎಂಬ ಪಟ್ಟಿಯಂತ್ರಗಳಲ್ಲಿ ಹೊರಟು, 99 ದಿನಗಳಲ್ಲಿ 2,158 ಮೈಲಿಗಳನ್ನು ಕ್ರಮಿಸಿ, 1958ನೆಯ ಮಾರ್ಚಿ 2ರಂದು ಖಂಡವನ್ನು ಪೂರ್ತಿ ದಾಟಿದನು. ಸ್ಕಾಟನು ಸರಿಯೆಂದ ನಡಿಗೆಯ ತತ್ತ್ವವು ಅಲ್ಲಿ ಸಫಲವಾಯಿತು. ಅವನು ತಿದ್ದಬೇಕೆಂದ ಇಂಜಿನ್ನು, ಹೆಪ್ಪುಗಟ್ಟದ ದ್ರವದಿಂದ ತಣಿಯುವ ಏರ್ಪಾಡಿನಿಂದ, ತಿದ್ದಿಯೇ ಇತ್ತು. ಇದಕ್ಕಿಂತಲೂ ಗಮನಿಸಬೇಕಾದುದು ಒಂದಿದೆ. ಈ ಎರಡು ತಂಡಗಳಲ್ಲಿಯೂ ಯಂತ್ರಗಳನ್ನು ಚಳಿಗಾಲವೆಲ್ಲಾ ತಮ್ಮ ಕೈಯಿಂದ ಬಿಚ್ಚಿ, ಕಟ್ಟಿ, ಬದಲಾಯಿಸಿದ ಯಂತ್ರಜ್ಞರೇ ಯಂತ್ರಗಳ ಜತೆಯಲ್ಲಿ ಪ್ರಯಾಣಮಾಡಿದರು. ಯಂತ್ರವೂ ಯಂತ್ರವನ್ನು ಬಲ್ಲವನೂ ಅಗಲಲಿಲ್ಲ.

ಚರಕಸಂಹಿತೆಯ ಕಾರಣಗಳನ್ನು ಈಗ ಮತ್ತೊಮ್ಮೆ ಎಣಿಸಿದರೆ, ಅತಿಭಾರವು ಇಲ್ಲಿದೆ; ವಿಷಮಪಥವೂ ಅಪಥವೂ ಇವೆ; ಎಣ್ಣೆಯ ದೋಷವಿದೆ. ಶಾಖವೆಂಬುದೊಂದು ಮಾತ್ರ ಹೊಸತು. ಎತ್ತಿನ ಬಂಡಿಗೆ ತನ್ನ ಬಲವನ್ನೇ ತಣಿಸಿಕೊಳ್ಳಬೇಕಾದ ಕಷ್ಟವಿಲ್ಲ, ಎತ್ತು ನೆರಳಿನಲ್ಲಿ ನಿಂತು ತಾನೇ ತಣಿಯುತ್ತದೆ. ನಡೆಸುವವನ ದೋಷವೆಂದು ಹೇಳಿದುದನ್ನು ನಾವು ಸ್ವಲ್ಪ ವಿಸ್ತರಿಸಿ ಅರ್ಥಮಾಡಬೇಕು. ಡೇ, ಲ್ಯಾಷ್ಲಿ ಇಬ್ಬರಲ್ಲಿಯೂ ದೋಷವಿರಲಿಲ್ಲ. ಯಾರನ್ನು ಕೂಡಿಸಿಕೊಳ್ಳಬೇಕು, ಯಾರನ್ನು ಬಿಡಬೇಕೆಂದು ದೂರದ ಊರಿನಲ್ಲಿ ಕುಳಿತು ನಿರ್ಣಯಿಸಿದವರೂ ಬಂಡಿಯನ್ನು ನಡೆಸುವವರೇ ಆಗುತ್ತಾರೆ.

ಇಂದು ನಮ್ಮ ಹೆದ್ದಾರಿಗಳಲ್ಲಿ ಹತ್ತಾರು ಟನ್ನುಗಳನ್ನು ಹೇರಿಕೊಂಡ ಲಾರಿಗಳು ಹಗಲಿರುಳು ಘಟ್ಟವನ್ನೇರುತ್ತಿವೆ. ವಾಹನವನ್ನು ಕೊಳ್ಳುವವನು ಅದು ಎಷ್ಟು ಎಳೆಯಬಲ್ಲುದೆಂದು ಮೊದಲು ಕೇಳುತ್ತಾನೆ. ಎಷ್ಟು ಹೊತ್ತು ಎಳೆಯಬಲ್ಲುದು, ಕಾದಾಗ ಹೇಗೆ ತಣಿಯುತ್ತದೆ, ಅದರ ನಾಡಿಯನ್ನು ಬಲ್ಲವನು ಜತೆಯಲ್ಲಿರುವನೋ ಎಂಬ ಪ್ರಶ್ನೆಗಳು ಅನಂತರದವು. ಅದು ನಿಂತರೆ ಹೊರೆಯನ್ನು ಎಳೆಯುವವರಾರು ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರಕೊಡುವವನು ಯಾವಾಗಲೂ ಬಂಡಿಯ ಬಳಿ ನಿಂತಿರುವ ಆಳು. ವಿಲಿಯಂ ಲ್ಯಾಷ್ಲಿಯು 1911ನೆಯ ನವೆಂಬರ್ 1ರಂದು ಆ ಉತ್ತರವನ್ನು ಕೊಟ್ಟನು. ತಣ್ಣಗಾದ ಇಂಜಿನ್ನನ್ನು ಬಿಟ್ಟು, ಎದೆಗೆ ಪಟ್ಟಿಯನ್ನು ಕಟ್ಟಿಕೊಂಡು, ದಕ್ಷಿಣಕ್ಕೆ ನಡೆದನು.